ಬ್ರೇಕ್ ತುಳಿದರೆ ಸ್ಟೇರಿಂಗ್ ನಡುಕ: ಡಿಸ್ಕ್ ಬದಲಾಯಿಸುವ ಮೊದಲು ಹಬ್ ಅಳೆಯಿರಿ

ಕಾರು ನಮ್ಮ ಭಾವನದು. ಅವರಿರುವುದು ಮಂಡ್ಯದಲ್ಲಿ, ನಾನು ಮೈಸೂರಿನಲ್ಲಿ. ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮುಂದೆ ಡಿಸ್ಕ್, ಹಿಂದೆ ಡ್ರಮ್, ಚಕ್ರಕ್ಕೆ ನಾಲ್ಕು ನಟ್. ತೊಂದರೆ ಏನೆಂದರೆ, 80ರ ವೇಗದಲ್ಲಿ ಬ್ರೇಕ್ ತುಳಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ. ಪೆಡಲ್ ಕೂಡ ಪಾದಕ್ಕೆ ಬಡಿಯುತ್ತದೆ. ವೇಗ 40ಕ್ಕೆ ಇಳಿದರೆ ಏನೂ ಗೊತ್ತಾಗುವುದಿಲ್ಲ. ಬ್ರೇಕ್ ಬಿಟ್ಟರಂತೂ ಕಾರು ತಣ್ಣಗೆ ಹೋಗುತ್ತದೆ.

ಹಿಂದಿನ ವರ್ಷ ಇದೇ ತೊಂದರೆಗೆ ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಡಿಸ್ಕ್ ಹೊಸದು ಹಾಕಿಸಿದ್ದರು. ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ನಡುಕ ಮತ್ತೆ ಶುರುವಾಯಿತು. ಕೇಳಿದರೆ ಅದೇ ಉತ್ತರ: "ಡಿಸ್ಕ್ ಬೆಂಡ್ ಆಗಿದೆ ಸಾರ್, ಜೋಡಿ ಬದಲಾಯಿಸಿಬಿಡಿ." ಭಾವ ಫೋನ್ ಮಾಡಿ, "ವರ್ಷ ವರ್ಷ ಡಿಸ್ಕ್ ಹಾಕ್ಸಕಾಯ್ತದಾ? ಒಂದ್ಸಲ ನೀನೇ ಬಿಚ್ಚಿ ನೋಡಪ್ಪ" ಅಂದರು.

ಹೊಸ ಡಿಸ್ಕ್ ಅಷ್ಟು ಬೇಗ ಕೆಟ್ಟಿದೆ ಅಂದರೆ ಅದನ್ನು ಕೆಡಿಸುತ್ತಿರುವುದು ಬೇರೆ ಏನೋ ಇದೆ. ಅದನ್ನು ಹುಡುಕದೆ ಮೂರನೇ ಜೋಡಿ ಹಾಕಿದರೂ ಅದೇ ಕಥೆ. ಹಾಗಾಗಿ ಸ್ಪ್ಯಾನರ್‌ಗಿಂತ ಮೊದಲು ಡಯಲ್ ಗೇಜ್ (ತಿರುಗುವ ಭಾಗದ ಓಲಾಟ ಅಳೆಯುವುದು) ಮತ್ತು ಮೈಕ್ರೋಮೀಟರ್ (ದಪ್ಪ ಅಳೆಯುವುದು) ತೆಗೆದಿಟ್ಟುಕೊಂಡೆ.

ಮೊದಲು ರಸ್ತೆಯಲ್ಲೇ ನೋಡಬೇಕಾದ್ದು ಕೆಲವಿದೆ. ಬೆಳಗಿನ ಜಾವ ಔಟರ್ ರಿಂಗ್ ರೋಡಿಗೆ ಹೋದೆ. ಬ್ರೇಕ್ ಮುಟ್ಟದೆ 90ರ ತನಕ ಓಡಿಸಿದೆ, ನಡುಕ ಇರಲಿಲ್ಲ. ಅಂದರೆ ವೀಲ್ ಬ್ಯಾಲೆನ್ಸಿಂಗ್, ಟೈರ್ ಉಬ್ಬು ಇವೆರಡೂ ಕಾರಣ ಅಲ್ಲ. ಅವುಗಳ ನಡುಕ ಬ್ರೇಕ್ ತುಳಿದರೂ ಇರುತ್ತದೆ, ತುಳಿಯದಿದ್ದರೂ ಇರುತ್ತದೆ. ಆಮೇಲೆ ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, 50ರ ವೇಗದಲ್ಲಿ, ಹ್ಯಾಂಡ್‌ಬ್ರೇಕ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಲಿವರನ್ನು ಮೆಲ್ಲಗೆ ಎಳೆದೆ. ಗುಂಡಿ ಬಿಡಬಾರದು, ಬಿಟ್ಟರೆ ಲಾಕ್ ಆಗಿ ಹಿಂದಿನ ಚಕ್ರ ಜಾರುತ್ತದೆ. ಈ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಡ್ರಮ್ಮನ್ನು ಮಾತ್ರ. ಕಾರು ನಡುಗದೆ ನಿಧಾನವಾಯಿತು. ಡ್ರಮ್ ಸರಿ ಇದೆ, ತೊಂದರೆ ಮುಂದೆಯೇ. ಸಾಮಾನ್ಯವಾಗಿ ಮುಂದಿನ ಡಿಸ್ಕ್ ಕೆಟ್ಟರೆ ಸ್ಟೇರಿಂಗ್‌ನಲ್ಲಿ ಗೊತ್ತಾಗುತ್ತದೆ, ಹಿಂದಿನದು ಕೆಟ್ಟರೆ ಸೀಟಿನಲ್ಲಿ ಗೊತ್ತಾಗುತ್ತದೆ.

ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬಗ್ಗೆ ಒಂದು ಮಾತು. ಜೋರಾಗಿ ಬ್ರೇಕ್ ಹಾಕಿ ಚಕ್ರ ಲಾಕ್ ಆಗುವ ಹಂತಕ್ಕೆ ಬಂದಾಗ ಎಬಿಎಸ್ ಕೂಡ ಪೆಡಲ್ ಬಡಿಯುತ್ತದೆ. ಅದು ಕಾಯಿಲೆಯಲ್ಲ. ಮೆಲ್ಲಗೆ ತುಳಿದಾಗಲೂ ಬಡಿದರೆ ಮಾತ್ರ ಡಿಸ್ಕ್ ಕಡೆ ನೋಡಬೇಕು.

ಇನ್ನು 80ರಲ್ಲಿ ನಡುಗುವ ಕಾರು 40ರಲ್ಲಿ ಯಾಕೆ ಸುಮ್ಮನಿರುತ್ತದೆ? ಈ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. 80ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಹನ್ನೊಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಡಿಸ್ಕ್‌ನ ಒಂದು ಕಡೆ ದಪ್ಪ ಇದ್ದರೆ ಸೆಕೆಂಡಿಗೆ ಹನ್ನೊಂದು ಒದೆತ, ಎರಡು ಕಡೆ ಇದ್ದರೆ ಇಪ್ಪತ್ತಮೂರರ ಹತ್ತಿರ. ಸ್ಟೇರಿಂಗ್ ಮತ್ತು ಸಸ್ಪೆನ್ಶನ್ ತಾವಾಗಿಯೇ ಅದುರುವ ಲಯವೂ ಇಂಥದೇ ಆಸುಪಾಸಿನಲ್ಲಿರುತ್ತದೆ. ಎರಡು ಲಯ ಕೂಡಿದಾಗ ಸಣ್ಣ ಒದೆತವೂ ಕೈಗೆ ದೊಡ್ಡದಾಗಿ ಬರುತ್ತದೆ. ವೇಗ ಕಡಿಮೆಯಾದರೆ ಲಯ ತಪ್ಪುತ್ತದೆ, ನಡುಕ ಮಾಯವಾದ ಹಾಗೆ ಕಾಣುತ್ತದೆ.

ಕಾರಿಗೆ ಹಿಂದೆ ಅಡ್ಡಗಲ್ಲು ಕೊಟ್ಟು, ಜ್ಯಾಕ್ ಏರಿಸಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟೆ. ಬರೀ ಜ್ಯಾಕ್ ನಂಬಿ ಯಾರೂ ಕೈ ಒಳಗಿಡಬೇಡಿ. ಅದಕ್ಕೂ ಮೊದಲು, ಚಕ್ರ ನೆಲದ ಮೇಲಿರುವಾಗ ವೀಲ್ ನಟ್ ಸಡಿಲಿಸುವಾಗಲೇ ಒಂದು ಸುಳಿವು ಸಿಕ್ಕಿತ್ತು. ಎಡಗಡೆ ಚಕ್ರದಲ್ಲಿ ಒಂದು ನಟ್ ಕೈಬಲಕ್ಕೇ ಬಂತು. ಅದರ ಎದುರಿನದಕ್ಕೆ ಸ್ಪ್ಯಾನರ್ ಮೇಲೆ ನಿಂತು ತುಳಿಯಬೇಕಾಯಿತು. ಪಂಕ್ಚರ್ ಹಾಕಿಸುವಾಗ ಏರ್ ಗನ್‌ನಲ್ಲಿ ಟರ್ ಅಂತ ಬಿಗಿದಿರುತ್ತಾರಲ್ಲ, ಅಂಥ ಬಿಗಿತ. ಚಕ್ರ ಮತ್ತು ಡಿಸ್ಕ್ ಎರಡೂ ಕೂರುವ, ಅವುಗಳ ಜೊತೆ ತಿರುಗುವ ನಡುಭಾಗವೇ ಹಬ್. ನಾಲ್ಕು ನಟ್ ನಾಲ್ಕು ಥರ ಬಿಗಿದರೆ ಡಿಸ್ಕ್ ಹಬ್‌ಗೆ ಸಮವಾಗಿ ಒತ್ತಿ ಕೂರುವುದಿಲ್ಲ, ಸ್ವಲ್ಪ ಓರೆಯಾಗುತ್ತದೆ.

ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ. ಬ್ರೇಕ್ ಹೋಸ್‌ನಲ್ಲಿ ಅದನ್ನು ಜೋತುಬಿಡಬಾರದು, ಹೋಸ್ ಒಳಗೇ ಹರಿಯಬಹುದು. ಪ್ಯಾಡ್ ಧೂಳನ್ನು ಊದಿ ತೆಗೆಯಬಾರದು, ಒದ್ದೆ ಬಟ್ಟೆ ಅಥವಾ ಬ್ರೇಕ್ ಕ್ಲೀನರ್ ಬಳಸಿ.

ಪ್ಯಾಡ್ ನೋಡಿದರೆ ಎರಡನೇ ಸುಳಿವು. ಎಡಗಡೆ ಒಳಗಿನ ಪ್ಯಾಡ್ 4 ಮಿ.ಮೀ. ಉಳಿದಿತ್ತು, ಹೊರಗಿನದು 7 ಮಿ.ಮೀ. ಈ ಥರದ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳುತ್ತದೆ, ಆಗ ಇಡೀ ಕ್ಯಾಲಿಪರ್ ಎರಡು ಗೈಡ್ ಪಿನ್ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ಹಿಡಿದುಕೊಂಡರೆ ಈ ಜಾರಾಟ ನಿಲ್ಲುತ್ತದೆ. ಒಳಗಿನ ಪ್ಯಾಡೇ ದುಡಿಯುತ್ತದೆ, ಬ್ರೇಕ್ ಬಿಟ್ಟ ಮೇಲೂ ಪೂರ್ತಿ ಹಿಂದೆ ಸರಿಯದೆ ಡಿಸ್ಕನ್ನು ಸವರುತ್ತಾ ಇರುತ್ತದೆ. ಕೆಳಗಿನ ಪಿನ್ ಎಳೆದರೆ ಬರಲೇ ಇಲ್ಲ. ರಬ್ಬರ್ ಬೂಟ್ ಹರಿದು ನೀರು ಸೇರಿ ತುಕ್ಕು ಹಿಡಿದಿತ್ತು.

ಈಗ ಅಳತೆ. ಡಿಸ್ಕ್ ಹಬ್‌ಗೆ ಗಟ್ಟಿಯಾಗಿ ಕೂತಿರಬೇಕು, ಇಲ್ಲವಾದರೆ ಗೇಜ್ ಸುಳ್ಳು ಹೇಳುತ್ತದೆ. ಹಬ್‌ನಿಂದ ಹೊರಚಾಚಿದ, ವೀಲ್ ನಟ್ ಕೂರುವ ನಾಲ್ಕು ಸ್ಟಡ್‌ಗೂ ದಪ್ಪ ವಾಷರ್ ಹಾಕಿ ನಟ್ ಬಿಗಿದೆ. ಡಯಲ್ ಗೇಜ್‌ನ ಮ್ಯಾಗ್ನೆಟ್ ಬೇಸನ್ನು ಸಸ್ಪೆನ್ಶನ್‌ನ ಕಂಬವಾದ ಸ್ಟ್ರಟ್‌ಗೆ ಅಂಟಿಸಿ, ಅದರ ಮೊನೆಯನ್ನು ಡಿಸ್ಕ್‌ನ ಹೊರ ಅಂಚಿನಿಂದ 10 ಮಿ.ಮೀ. ಒಳಗೆ ತಾಗಿಸಿದೆ. ಸೀಮೆಸುಣ್ಣದಲ್ಲಿ ಡಿಸ್ಕ್ ಸುತ್ತ ಎಂಟು ಗುರುತು ಮಾಡಿ ಕೈಯಿಂದ ನಿಧಾನವಾಗಿ ತಿರುಗಿಸಿದೆ. ಎಡಗಡೆ ಡಿಸ್ಕ್ ಒಂದು ಸುತ್ತಿಗೆ 0.11 ಮಿ.ಮೀ. ಓಲಾಡುತ್ತಿತ್ತು. ಮೂರನೇ ಗುರುತಿನಲ್ಲಿ ಅತಿ ಹೊರಗೆ, ಏಳನೇ ಗುರುತಿನಲ್ಲಿ ಅತಿ ಒಳಗೆ. ಎಷ್ಟೋ ಕಾರುಗಳ ಮ್ಯಾನ್ಯುಯಲ್ 0.10 ಮಿ.ಮೀ. ತನಕ ಇರಬಹುದು ಅನ್ನುತ್ತದೆ. ನನ್ನ ಕೇಳಿದರೆ 0.05 ದಾಟಿದರೇ ಕೆಲಸ ಬಾಕಿ ಇದೆ ಅಂತ. ಬಲಗಡೆ 0.04 ಇತ್ತು.

ಆಮೇಲೆ ಅದೇ ಎಂಟು ಗುರುತಿನಲ್ಲಿ ಮೈಕ್ರೋಮೀಟರ್ ಇಟ್ಟು ದಪ್ಪ ಅಳೆದೆ. ಎಡಗಡೆ ಒಂದರಿಂದ ಎಂಟರವರೆಗೆ ಹೀಗೆ ಬಂತು: 19.43, 19.42, 19.40, 19.42, 19.43, 19.42, 19.41, 19.43. ಬಲಗಡೆ ವ್ಯತ್ಯಾಸ 0.01 ದಾಟಲಿಲ್ಲ.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ, ಇಡೀ ವಿಷಯ ಇಲ್ಲೇ ಇದೆ. ಅತಿ ದಪ್ಪಕ್ಕೂ ಅತಿ ತೆಳುವಿಗೂ ಇರುವ ಅಂತರ 0.03 ಮಿ.ಮೀ., ತಲೆಕೂದಲಿನ ಅರ್ಧ ದಪ್ಪದಷ್ಟೂ ಇಲ್ಲ. ಅಷ್ಟಕ್ಕೇ ಸ್ಟೇರಿಂಗ್ ನಡುಗುತ್ತದೆ. ಇನ್ನೊಂದು, ತೆಳು ಆಗಿರುವುದು ಎಲ್ಲಿ? ಮೂರು ಮತ್ತು ಏಳನೇ ಗುರುತಿನಲ್ಲಿ. ಓಲಾಟ ತುದಿ ಮುಟ್ಟಿದ್ದೂ ಅಲ್ಲೇ, ಅಲ್ವಾ?

ಎಲ್ಲರೂ "ಡಿಸ್ಕ್ ಬೆಂಡ್" ಅನ್ನುತ್ತಾರೆ. ಆದರೆ ಡಿಸ್ಕ್ ಓಲಾಡಿದ ಮಾತ್ರಕ್ಕೆ ನಡುಕ ಅಷ್ಟಾಗಿ ಬರುವುದಿಲ್ಲ. ಕ್ಯಾಲಿಪರ್ ಜಾರುವ ಥರದ್ದಲ್ಲವೇ, ಡಿಸ್ಕ್ ಆ ಕಡೆ ಹೋದರೆ ಅದೂ ಆ ಕಡೆ ಹೋಗುತ್ತದೆ. ನಡುಗಿಸುವುದು ದಪ್ಪದ ವ್ಯತ್ಯಾಸ. ದಪ್ಪ ಭಾಗ ಪ್ಯಾಡ್‌ಗಳ ನಡುವೆ ಬಂದಾಗ ಅವುಗಳನ್ನು ಅಗಲಿಸುತ್ತದೆ, ಪಿಸ್ಟನ್ ಹಿಂದೆ ಸರಿದು ಆಯಿಲನ್ನು ವಾಪಸ್ ತಳ್ಳುತ್ತದೆ, ಪೆಡಲ್ ಬಡಿಯುತ್ತದೆ. ತೆಳು ಭಾಗ ಬಂದಾಗ ಹಿಡಿತ ಸಡಿಲ. ಹಿಡಿತ ಹೆಚ್ಚು ಕಡಿಮೆ ಆಗುತ್ತಾ ಇದ್ದರೆ ಚಕ್ರ ಜಗ್ಗಿ ಜಗ್ಗಿ ನಿಲ್ಲುತ್ತದೆ.

ದಪ್ಪದ ವ್ಯತ್ಯಾಸ ಹುಟ್ಟುವುದು ಓಲಾಟದಿಂದ. ಬ್ರೇಕ್ ಹಾಕದೆ ಸುಮ್ನೆ ಓಡುವಾಗಲೂ, ಓರೆಯಾಗಿ ಕೂತ ಡಿಸ್ಕ್‌ನ ಹೊರ ಚಾಚಿದ ಜಾಗ ಹೊರಗಿನ ಪ್ಯಾಡಿಗೆ ಉಜ್ಜುತ್ತದೆ, ಅದರ ಎದುರಿನ ಜಾಗ ಒಳಗಿನ ಪ್ಯಾಡಿಗೆ ಉಜ್ಜುತ್ತದೆ. ಒಂದು ಕಿ.ಮೀ.ಗೆ ಚಕ್ರ ಐನೂರು ಚಿಲ್ಲರೆ ಸುತ್ತು ಹಾಕುತ್ತದೆ. 5,000 ಕಿ.ಮೀ. ಓಡಿದರೆ 25 ಲಕ್ಷಕ್ಕೂ ಜಾಸ್ತಿ ಸಲ ಅದೇ ಎರಡು ಜಾಗ ಸವೆಯುತ್ತದೆ. ಹೊಸ ಡಿಸ್ಕ್ ಮೊದಲ ಕೆಲವು ತಿಂಗಳು ಯಾಕೆ ಚೆನ್ನಾಗಿತ್ತು, ಆಮೇಲೆ ಯಾಕೆ ಕೆಟ್ಟಿತು ಅನ್ನೋದಕ್ಕೆ ಉತ್ತರ ಇದು. ಹಾಕಿದ ದಿನವೇ ಅದು ಓರೆಯಾಗಿ ಕೂತಿತ್ತು.

ಯಾಕೆ ಓರೆ? ಡಿಸ್ಕ್ ತೆಗೆದು ಹಬ್ ಮುಖ ನೋಡಿದೆ. ತುಕ್ಕು, ಅದೂ ಪದರ ಪದರವಾಗಿ. ಒಂದು ಸ್ಟಡ್‌ನ ಬುಡದಲ್ಲಿ ಚಕ್ಕೆ ಎದ್ದು ನಿಂತಿತ್ತು. ಡಿಸ್ಕ್‌ನ ಹಿಂಬದಿಯಲ್ಲಿ ಅದೇ ಜಾಗಕ್ಕೆ ಸರಿಯಾಗಿ ಒತ್ತಿದ ಹೊಳೆಯುವ ಗುರುತು. ಹಳೆ ಡಿಸ್ಕ್ ತೆಗೆದವರು ಹಬ್ ಒರೆಸದೆ ಹೊಸದನ್ನು ಮೇಲೆ ಇಟ್ಟು ಬಿಗಿದಿದ್ದಾರೆ. ಭಾವನ ಮನೆ ನಾಲೆ ಬಯಲಿನ ಪಕ್ಕ. ಕಾರು ನಿಲ್ಲುವ ಜಾಗದಲ್ಲಿ ಮಳೆಗಾಲ ಪೂರ್ತಿ ನೆಲ ಒದ್ದೆ. ಅಂಥ ಕಡೆ ತುಕ್ಕು ಬೇಗ.

ಇಷ್ಟು ಸಣ್ಣ ಚಕ್ಕೆ ಅಷ್ಟು ಮಾಡುತ್ತದಾ ಅಂದರೆ, ಲೆಕ್ಕ ಹಾಕಿ ನೋಡಿ. ಹಬ್ ಮುಖದ ಅಗಲ ಸುಮಾರು 130 ಮಿ.ಮೀ. ಡಿಸ್ಕ್‌ನ ಅಗಲ 240ರ ಹತ್ತಿರ. ಹಬ್ ಅಂಚಿನಲ್ಲಿ 0.04 ಮಿ.ಮೀ. ದಪ್ಪದ ಚಕ್ಕೆ ಕೂತರೆ ಡಿಸ್ಕ್ ಅಂಚಿಗೆ ಬರುವಷ್ಟರಲ್ಲಿ ಓಲಾಟ 0.07 ಆಗಿರುತ್ತದೆ. ಕಣ್ಣಿಗೆ ಕಾಣದ ಚಕ್ಕೆ ಸಾಕು.

ವೈರ್ ಬ್ರಷ್‌ನಲ್ಲಿ ತುಕ್ಕು ಕೆರೆದೆ. ಸ್ಟಡ್ ಬುಡಕ್ಕೆ ಬ್ರಷ್ ಹೋಗುವುದಿಲ್ಲ, ಅಲ್ಲಿ ಎಮರಿ ಪೇಪರ್ ಮಡಚಿ ಬೆರಳಿನಿಂದ ಉಜ್ಜಿದೆ. ನಡುವಿನ ಉಬ್ಬಿನ ಸುತ್ತ, ಡಿಸ್ಕ್ ಕೂರುವ ಮೂಲೆಯಲ್ಲೂ ತುಕ್ಕು ಗಟ್ಟಿಯಾಗಿತ್ತು, ಅದನ್ನೂ ಬಿಡಲಿಲ್ಲ. ಡಿಸ್ಕ್‌ನ ಹಿಂಬದಿಯನ್ನೂ ಹಾಗೇ ಮಾಡಿದೆ. ಈ ಕೆಲಸಕ್ಕೆ ಆತುರ ಬೇಡ. ಪವರ್ ಗ್ರೈಂಡರ್ ಇಟ್ಟು ಹಬ್ಬನ್ನೇ ಸವೆಸಬಾರದು, ತೆಗೆಯಬೇಕಾದ್ದು ತುಕ್ಕನ್ನು, ಕಬ್ಬಿಣವನ್ನಲ್ಲ. ಎಲ್ಲ ಒರೆಸಿದ ಮೇಲೆ ಗೇಜ್ ಮೊನೆಯನ್ನು ಹಬ್ ಮುಖಕ್ಕೇ ತಾಗಿಸಿ ತಿರುಗಿಸಿದೆ. 0.02. ಹಬ್ ಚೆನ್ನಾಗಿದೆ, ಬೇರಿಂಗ್‌ನಲ್ಲೂ ಆಟ ಇಲ್ಲ. ಅದೇ ಹಳೆ ಡಿಸ್ಕ್ ವಾಪಸ್ ಹಾಕಿ ಅಳೆದರೆ 0.11 ಇದ್ದದ್ದು 0.06ಕ್ಕೆ ಇಳಿದಿತ್ತು. ಒಂದು ರೂಪಾಯಿ ಸಾಮಾನು ಹಾಕದೆ ಅರ್ಧ ಕಾಯಿಲೆ ಹೋಯಿತು.

ಸವೆದ 0.03 ಮಾತ್ರ ಹಾಗೇ ಇದೆ. ಅದಕ್ಕೆ ಲೇತ್ (ತಿರುಗಿಸಿ ಕೆತ್ತುವ ಯಂತ್ರ) ಬೇಕು, ಇಲ್ಲವಾದರೆ ಹೊಸ ಡಿಸ್ಕ್. ಯಾವುದು ಅಂತ ನಿರ್ಧಾರ ಮಾಡುವುದು ಡಿಸ್ಕ್ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪ. ಇದರಲ್ಲಿ 18 ಮಿ.ಮೀ. ಅಂತ ಇತ್ತು, ಹೊಸದಿದ್ದಾಗ 20. ಲೇತ್‌ನಲ್ಲಿ ಕೆತ್ತಿದ ಮೇಲೂ 19 ಉಳಿಯುತ್ತದೆ ಅಂದಮೇಲೆ ಎಸೆಯುವ ಅಗತ್ಯ ಇಲ್ಲ. ಇನ್ನೊಂದು ನೋಡಬೇಕಾದ್ದು ನೀಲಿ ಕಲೆ. ಎರಕದ ಕಬ್ಬಿಣ ಅತಿಯಾಗಿ ಕಾದರೆ ಅಲ್ಲಲ್ಲಿ ಅದರ ಗುಣವೇ ಬದಲಾಗಿ ಸಿಮೆಂಟೈಟ್ ಅನ್ನುವ ಗಟ್ಟಿ ಗಂಟು ಹುಟ್ಟುತ್ತದೆ. ಆ ಜಾಗ ಉಳಿದ ಭಾಗದಷ್ಟು ಸವೆಯುವುದಿಲ್ಲ. ಲೇತ್‌ನಲ್ಲಿ ಮೇಲೆ ನುಣುಪು ಮಾಡಿದರೂ ಗಂಟು ಆಳದಲ್ಲಿ ಉಳಿದಿರುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಎದ್ದು ಕಾಣುತ್ತದೆ. ಅಂಥ ಡಿಸ್ಕನ್ನು ಬದಲಾಯಿಸಲೇಬೇಕು. ಭಾವನ ಕಾರಿನಲ್ಲಿ ಅಂಥ ಕಲೆ ಇರಲಿಲ್ಲ.

ಎರಡೂ ಡಿಸ್ಕ್ ತೆಗೆದುಕೊಂಡು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನಗೆ ಪರಿಚಯದ ಲೇತ್‌ಗೆ ಹೋದೆ. ಬಲಗಡೆಯದು ಸರಿಯೇ ಇತ್ತು, ಆದರೆ ಎರಡು ಕಡೆಯ ಮೇಲ್ಮೈ ಒಂದೇ ಥರ ಇರಲಿ ಅಂತ ಅದಕ್ಕೂ ತೆಳುವಾಗಿ ಒಂದು ಕಟ್ ಹಾಕಿಸಿದೆ. ಟರ್ನರ್ ತುಂಬಾ ಅನುಭವಸ್ಥರು. "ಅಣ್ಣಾ, ಹೊರ ಅಂಚು ಹಿಡಿದು ಸೆಂಟರ್ ಮಾಡ್ಬೇಡಿ, ಹಬ್‌ಗೆ ಕೂರೋ ಮುಖಾನೇ ಆಧಾರ ಇಟ್ಕೊಳ್ಳಿ" ಅಂದೆ. "ಗೊತ್ತು ಬಿಡಿ, ಇಲ್ಲಾಂದ್ರೆ ಇಲ್ಲಿ ನೇರ ಬರ್ತದೆ, ಗಾಡೀಲಿ ಸೊಟ್ಟ ಕೂರ್ತದೆ" ಅಂದರು. ಅವರೂ ಮೊದಲು ಫಿಕ್ಸ್ಚರ್ ಮುಖವನ್ನು ಬಟ್ಟೆಯಿಂದ ಒರೆಸಿದರು. ನೋಡಿ ಖುಷಿಯಾಯಿತು. ಒಮ್ಮೆ ಕೂರಿಸಿದ ಡಿಸ್ಕನ್ನು ಬಿಚ್ಚದೆ ಎರಡೂ ಮುಖ ಕೆತ್ತಿ, ಕೊನೆಯ ಕಟ್ ಬಹಳ ನಿಧಾನವಾದ ಫೀಡ್‌ನಲ್ಲಿ ಹಾಕಿದರು. ಎಡಗಡೆಯದು 19.16ಕ್ಕೆ ನಿಂತಿತು, ಎಂಟೂ ಗುರುತಿನಲ್ಲಿ ಮೈಕ್ರೋಮೀಟರ್ ಅಲುಗಲಿಲ್ಲ. ಮನೆಗೆ ತಂದು ಸೋಪು ನೀರಿನಲ್ಲಿ ತಿಕ್ಕಿ ತೊಳೆದು ಒಣಗಿಸಿದೆ. ಕೆತ್ತಿದ ಕಬ್ಬಿಣದ ಪುಡಿ ಸಂದಿಯಲ್ಲಿ ಉಳಿದರೆ ಹೊಸ ಪ್ಯಾಡಿಗೆ ಚುಚ್ಚಿಕೊಳ್ಳುತ್ತದೆ.

ಇಷ್ಟು ಮಾಡಿ ವಾಪಸ್ ಹಾಕಿ ಅಳೆದರೆ 0.05. ಹಬ್‌ನದು ಸ್ವಲ್ಪ, ಡಿಸ್ಕ್‌ನದು ಸ್ವಲ್ಪ, ಎರಡೂ ಸೇರಿ ಬರುವ ಅಂಕಿ ಇದು. ಎರಡರ ಓರೆ ಒಂದೇ ದಿಕ್ಕಿಗಿದ್ದರೆ ಕೂಡುತ್ತದೆ, ಎದುರು ಬದುರಾದರೆ ಕಳೆಯುತ್ತದೆ. ಹಾಗಾಗಿ ಡಿಸ್ಕನ್ನು ತೆಗೆದು ಒಂದು ಸ್ಟಡ್ ಮುಂದಕ್ಕೆ ತಿರುಗಿಸಿ ಹಾಕಿ ಅಳೆದೆ: 0.06. ಇನ್ನೊಂದು ಸ್ಟಡ್ ಮುಂದಕ್ಕೆ: 0.04. ಇನ್ನೂ ಒಂದು: 0.02. ಅಲ್ಲೇ ನಿಲ್ಲಿಸಿದೆ. ಆ ಸ್ಟಡ್‌ಗೂ ಡಿಸ್ಕ್‌ನ ತೂತಿಗೂ ಪೇಂಟ್ ಚುಕ್ಕೆ ಇಟ್ಟೆ. ಮುಂದೆ ಯಾರೇ ಬಿಚ್ಚಿದರೂ ಅದೇ ಜಾಗಕ್ಕೆ ಕೂರಿಸಲಿ ಅಂತ. ಗೇಜ್ ಇರುವವರು ಈ ನಾಲ್ಕು ಅಳತೆ ತಪ್ಪಿಸಬೇಡಿ. ಹೊಸ ಡಿಸ್ಕ್ ಹಾಕುವಾಗಲೂ ಇದನ್ನು ಮಾಡಬೇಕು.

ಗೈಡ್ ಪಿನ್ ಎರಡೂ ಹೊಸದು, ಬೂಟ್ ಹೊಸದು. ಪಿನ್‌ಗೆ ಸಾಮಾನ್ಯ ಗ್ರೀಸ್ ಹಚ್ಚಬಾರದು, ಪೆಟ್ರೋಲಿಯಂ ಗ್ರೀಸ್‌ಗೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಬ್ರೇಕ್‌ಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಬೇಕು. ಪ್ಯಾಡ್ ನಾಲ್ಕೂ ಬದಲಾಯಿಸಿದೆ. ಪಿಸ್ಟನ್ ಒಳಕ್ಕೆ ತಳ್ಳುವಾಗ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ಉಕ್ಕದಂತೆ ನೋಡಿಕೊಳ್ಳಿ, ಚೆಲ್ಲಿದರೆ ಪೇಂಟ್ ತಿನ್ನುತ್ತದೆ. ಎಲ್ಲ ಕೂಡಿಸಿದ ಮೇಲೆ, ಗಾಡಿ ಸ್ಟಾರ್ಟ್ ಮಾಡಿ ಜಾಗ ಬಿಡುವ ಮೊದಲೇ, ಪೆಡಲ್ ಗಟ್ಟಿಯಾಗುವ ತನಕ ತುಳಿಯಬೇಕು. ಮೊದಲ ತುಳಿತಕ್ಕೆ ಅದು ನೆಲಕ್ಕೇ ಹೋಗುತ್ತದೆ.

ವೀಲ್ ನಟ್ ಎದುರು ಬದುರಾಗಿ, ಎರಡು ಸುತ್ತಿನಲ್ಲಿ, ಕೊನೆಗೆ ಟಾರ್ಕ್ ರೆಂಚ್‌ನಿಂದ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿದೆ. ಈ ಕಾರಿಗೆ 85 ನ್ಯೂಟನ್ ಮೀಟರ್. ನಿಮ್ಮ ಕಾರಿನದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಹೊಸ ಪ್ಯಾಡ್ ಮತ್ತು ಹೊಸದಾಗಿ ಕೆತ್ತಿದ ಡಿಸ್ಕ್ ಒಂದಕ್ಕೊಂದು ಹೊಂದಬೇಕು. ರಿಂಗ್ ರೋಡ್ ಖಾಲಿ ಇರುವಾಗ 60ರಿಂದ 15ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಮತ್ತೆ ಏರಿಸಿ, ಹೀಗೆ ಹತ್ತು ಸಲದಷ್ಟು. ನಡುವೆ ಪೂರ್ತಿ ನಿಲ್ಲಿಸಬಾರದು. ಆಮೇಲೆ ಬ್ರೇಕ್ ಆದಷ್ಟು ಮುಟ್ಟದೆ ಕೆಲವು ಕಿ.ಮೀ. ಓಡಿಸಿ ಆರಿಸಬೇಕು. ಪ್ಯಾಡ್‌ನ ತೆಳುವಾದ ಪದರ ಡಿಸ್ಕ್ ಮೇಲೆ ಸಮವಾಗಿ ಅಂಟುವುದು ಹೀಗೆ. ಕಾದ ಡಿಸ್ಕನ್ನು ಬ್ರೇಕ್ ಒತ್ತಿ ನಿಲ್ಲಿಸಿಕೊಂಡರೆ ಪ್ಯಾಡ್ ಇರುವ ಜಾಗದಲ್ಲಿ ಮಾತ್ರ ದಪ್ಪನೆ ಅಚ್ಚು ಬೀಳುತ್ತದೆ, ಅದೂ ನಡುಕಕ್ಕೆ ದಾರಿ.

ಚಾಮುಂಡಿ ಬೆಟ್ಟದಿಂದ ಇಳಿಯುವವರಿಗೆ ಇದನ್ನು ಒತ್ತಿ ಹೇಳಬೇಕು. ಬೆಟ್ಟದ ತುದಿಗೂ ಊರಿಗೂ ಹತ್ತಿರ ಹತ್ತಿರ 300 ಮೀಟರ್ ಎತ್ತರದ ಅಂತರ. 1,100 ಕೆ.ಜಿ. ಕಾರು ಅಷ್ಟು ಇಳಿದರೆ 30 ಲಕ್ಷ ಜೂಲ್‌ಗಿಂತ ಜಾಸ್ತಿ ಶಕ್ತಿ ಎಲ್ಲಾದರೂ ಖರ್ಚಾಗಬೇಕು. ಅದೇ ಕಾರನ್ನು 100ರ ವೇಗದಿಂದ ಒಂದು ಸಲ ನಿಲ್ಲಿಸಲು ಬೇಕಾಗುವುದು 4 ಲಕ್ಷದ ಆಸುಪಾಸು. ನ್ಯೂಟ್ರಲ್‌ನಲ್ಲಿ ಇಳಿಸಿದರೆ ಈ ಭಾರವೆಲ್ಲ ಹೆಚ್ಚುಕಡಿಮೆ ಬ್ರೇಕ್ ಮೇಲೇ ಬೀಳುತ್ತದೆ. ಪೆಟ್ರೋಲ್ ಉಳಿಯುತ್ತದೆ ಅನ್ನುವುದೂ ನಿಜವಲ್ಲ. ಈಗಿನ ಇಂಜೆಕ್ಷನ್ ಕಾರುಗಳು ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಐಡಲಿಂಗ್‌ಗೆ ಕುಡಿಯುತ್ತವೆ. ಎರಡನೇ ಅಥವಾ ಮೂರನೇ ಗೇರ್‌ನಲ್ಲಿ ಇಳಿಯಿರಿ. ಕೆಳಗೆ ಬಂದ ಕೂಡಲೇ ಚಕ್ರಕ್ಕೆ ನೀರು ಹೊಡೆಯಬೇಡಿ.

ಕಾರು ಮಂಡ್ಯಕ್ಕೆ ವಾಪಸ್ ಬಿಡಲು ಹೋದಾಗ ಭಾವನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಎಕ್ಸ್‌ಪ್ರೆಸ್‌ವೇ ಮಧ್ಯೆ ಬ್ರೇಕ್ ಪರೀಕ್ಷೆ ಮಾಡುವುದು ಅಪಾಯ, ಅದಕ್ಕೆ ಮಂಡ್ಯದ ಎಕ್ಸಿಟ್ ತನಕ ಕಾದೆವು. ಹಿಂದೆ ಯಾರೂ ಇರಲಿಲ್ಲ. 90ರಿಂದ ಒಂದೇ ಸಮ ತುಳಿದರು. ಸ್ಟೇರಿಂಗ್ ಅಲುಗಲಿಲ್ಲ. "ಮತ್ತೆ ಬರಾಕಿಲ್ಲ ತಾನೇ?" ಅಂದರು. ಅದನ್ನು ಹೇಳಬೇಕಾದ್ದು ಮೈಕ್ರೋಮೀಟರ್, ನಾನಲ್ಲ ಅಂದೆ.

5,000 ಕಿ.ಮೀ. ಆದ ಮೇಲೆ ಟೈರ್ ಅದಲು ಬದಲು ಮಾಡಲು ಚಕ್ರ ಬಿಚ್ಚಿದಾಗ ಮತ್ತೆ ಅಳೆದೆ. ಎಡಗಡೆ ದಪ್ಪ 19.14, ಎಂಟೂ ಗುರುತಿನಲ್ಲಿ ವ್ಯತ್ಯಾಸ 0.01ರ ಒಳಗೆ. ಓಲಾಟ ಅದೇ 0.02. ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಸಮವಾಗಿ ಸವೆದಿದ್ದವು. ಹಬ್ ಅಂಚಿನಲ್ಲಿ ತೆಳುವಾಗಿ ಮತ್ತೆ ತುಕ್ಕು ಕಾಣಿಸಿತ್ತು, ಡಿಸ್ಕ್ ಕೆಳಗೆ ಹೋಗಿರಲಿಲ್ಲ. ಒರೆಸಿ, ಪೇಂಟ್ ಚುಕ್ಕೆ ಕೂಡಿಸಿ ಡಿಸ್ಕ್ ಹಾಕಿ, ನಟ್ 85ಕ್ಕೆ ಬಿಗಿದೆ.